ಬಸಲಿಂಗಪ್ಪ ಸರ್ ಕುಂತ ದಿನ

ಬಸಲಿಂಗಪ್ಪ ಸರ್ ಯಾವ ಕಟ್ಟಡದೊಳಗೆ ಕಾಲಿಟ್ಟರೂ ಮೊದಲು ಬಲಗಾಲ ಹಿಮ್ಮಡಿಯಿಂದ ನೆಲಕ್ಕೆ ಎರಡು ಏಟು ಕೊಡುತ್ತಿದ್ದರು. ಆಮೇಲೆ ತಲೆಯನ್ನು ಸ್ವಲ್ಪ ಓರೆ ಮಾಡಿ, ನೆಲ ಉತ್ತರ ಕೊಡುತ್ತದೆ ಎಂಬಂತೆ ಕಾಯುತ್ತಿದ್ದರು. ಉತ್ತರ ಬರುತ್ತಿತ್ತು, ಅವರಿಗೆ ಮಾತ್ರ ಕೇಳುತ್ತಿತ್ತು. "ಗಟ್ಟಿ ಅದ" ಎಂದರೆ ಒಳಗೆ ಬರುತ್ತಿದ್ದರು. "ಪೊಳ್ಳು ಅದ" ಎಂದರೂ ಒಳಗೆ ಬರುತ್ತಿದ್ದರು, ಆದರೆ ಆ ಕಲ್ಲನ್ನು ದಾಟಿಕೊಂಡು, ಮನೆಯವರ ಕಡೆ ಒಂದು ನೋಟ ಬೀರಿಕೊಂಡು.

ನಮ್ಮ ಕಡೆ ಮನೆ, ಮಠ, ಬ್ಯಾಂಕು, ಬಸ್ ನಿಲ್ದಾಣ ಎಲ್ಲದಕ್ಕೂ ಹಾಸಿದ್ದು ಶಹಾಬಾದ್ ಕಲ್ಲು. ಬಾಯಿಮಾತಿನಲ್ಲಿ ಪರಸಿ ಅನ್ನುತ್ತೇವೆ. ಹೀಗಾಗಿ ಸರ್ ಹಿಮ್ಮಡಿಗೆ ಬಿಡುವೇ ಇರಲಿಲ್ಲ. ನಮ್ಮಕ್ಕನ ಸಂಬಂಧ ಗೊತ್ತು ಮಾಡುವಾಗ ಗಂಡಿನ ಮನೆ ನೋಡಲು ಹೋದೆವು. ಹಿರಿಯರು ಜೊತೆಗಿರಲಿ ಎಂದು ಸರ್ ಅವರನ್ನೂ ಕರೆದೊಯ್ದಿದ್ದೆವು. ಪಡಸಾಲೆಯಲ್ಲಿ ಎರಡು ಏಟು ಬಡಿದು, ಬೀಗರಾಗುವವರ ಮುಖ ನೋಡುತ್ತಲೇ, "ಪೊಳ್ಳು ಅದ" ಅಂದುಬಿಟ್ಟರು. ಇದು ನೆಲದ ಮಾತು, ನಿಮ್ಮ ಮಗನದಲ್ಲ ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ನಮ್ಮಪ್ಪನ ಅಂಗಿ ಬೆನ್ನಿಗೆ ಅಂಟಿತ್ತು. ಮದುವೆ ಆಯಿತು. ಆ ಪರಸಿಯನ್ನು ಕಿತ್ತು ಬೇರೆ ಹಾಸಿದರು ಅನ್ನುವುದೂ ನಿಜ.

ಹಿಮ್ಮಡಿಯ ನಂತರದ ಎರಡನೆಯ ಲಕ್ಷಣ ಎಂದರೆ ಅವರು ಕುಳಿತುಕೊಳ್ಳುತ್ತಿರಲಿಲ್ಲ. ಮಂಡಿನೋವು ಅಲ್ಲ, ಹರಕೆಯೂ ಅಲ್ಲ. ಸುಮ್ಮನೆ ಆಗುತ್ತಿರಲಿಲ್ಲ. ಮಾತಾಡುವಾಗ ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ನಡೆಯುತ್ತಿದ್ದರು. ಕೇಳುವವರ ತಲೆಗಳು ಬೀಸಣಿಗೆಯಂತೆ ಅತ್ತಿತ್ತ ತಿರುಗುತ್ತಿದ್ದವು. ವಾಟ್ಸಾಪಿನಲ್ಲಿ ಬರೆದು ಕಳಿಸಲು ನಿಲ್ಲಬೇಕಲ್ಲ, ಅದಕ್ಕೇ ದನಿ ಮುದ್ರಿಸಿ ಕಳಿಸುತ್ತಿದ್ದರು. ಅದರಲ್ಲಿ ಅರ್ಧ ಮಾತು, ಅರ್ಧ ಏದುಸಿರು, ನಡುವೆ ಯಾರದೋ ಎಮ್ಮೆ. ಯಾರಾದರೂ "ಕುಂದ್ರಿ ಸರ್" ಎಂದರೆ ಒಂದೇ ಉತ್ತರ: "ಕುಂತ ಮನಷ್ಯಾಗ ಕಾಲಾಗಿನ ಸುದ್ದಿ ತಿಳಿಯಂಗಿಲ್ಲೋ." ಅವರ ಮನೆಯ ಅಮ್ಮ ಒಮ್ಮೆ ನನ್ನೆದುರೇ ಗೋಳಿಟ್ಟರು: "ಇವರ ಜೋಡಿ ಇಷ್ಟು ವರ್ಸ ಸಂಸಾರ ಮಾಡೀನಿ, ಒಂದಿನಾ ಎದುರಾಬದುರಾ ಕುಂತು ಉಂಡಿಲ್ಲಪಾ. ತಲಿ ಎತ್ತಿ ಎತ್ತಿ ಮಾತಾಡಿ ನನ್ನ ಕುತಗಿ ಹಿಡಕೊಂಡದ." ಸರ್ ಆಗಲೂ ರೊಟ್ಟಿಯ ತಟ್ಟೆ ಹಿಡಿದು ಹೊಸ್ತಿಲ ಹತ್ತಿರ ಅಡ್ಡಾಡುತ್ತಿದ್ದರು.

ನನ್ನ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಾನು ಚಿತ್ತಾಪುರದ ಹತ್ತಿರದ ಒಂದು ಗಣಿಯಲ್ಲಿ ಕಿರಿಯ ಭೂವಿಜ್ಞಾನಿ. ಕಲ್ಲಿನ ವಿಷಯದಲ್ಲಿ ಸಾಧಾರಣ, ನಕಲು ಮಾಡುವುದರಲ್ಲಿ ಅಸಾಧಾರಣ. ಯಾರ ದನಿಯನ್ನಾದರೂ ಎರಡು ನಿಮಿಷ ಕೇಳಿದರೆ ಸಾಕು, ಮೂರನೆಯ ನಿಮಿಷಕ್ಕೆ ಅವರು ನನ್ನ ಬಾಯಿಂದ ಹೊರಬರುತ್ತಾರೆ. ಇದರ ಒಂದೇ ತೊಂದರೆ ಎಂದರೆ ನನ್ನ ಸ್ವಂತ ದನಿ ಯಾವುದೆಂದು ನನಗೇ ಮರೆತುಹೋಗಿದೆ. ಫೋನಿನಲ್ಲಿ ಮಾತಾಡುವಾಗ ಅವ್ವ ಕೇಳುತ್ತಾಳೆ, "ಇವತ್ತು ಯಾರ ಬಾಯಿ ಹಚ್ಚಿಕೊಂಡು ಮಾತಾಡ್ಲಿಕತ್ತೀದಿ?" ಸರ್ ನನಗಿಟ್ಟ ಹೆಸರು ಟೇಪ್ ರಿಕಾರ್ಡರ್. ಅವಸರವಿದ್ದಾಗ ಬರೀ ಟೇಪ್. ಅವರಿಗೆ ಯಾವಾಗಲೂ ಅವಸರವೇ.

ನಾವಿಬ್ಬರೂ ಸೇರುತ್ತಿದ್ದುದು ಪರಿಸರ ಮತ್ತು ಇಂಜಿನಿಯರಿಂಗ್ ಭೂವಿಜ್ಞಾನಿಗಳ ವಲಯ ಸಭೆಯಲ್ಲಿ. ಈ ಹೆಸರು ಯಾವ ಬ್ಯಾನರಿನಲ್ಲೂ ಒಂದೇ ಸಾಲಿಗೆ ಕೂತಿದ್ದಿಲ್ಲ. ಸಭೆ ಒಮ್ಮೆ ಸೇಡಂ, ಒಮ್ಮೆ ಚಿತ್ತಾಪುರ, ಒಮ್ಮೆ ವಾಡಿ, ಶಹಾಬಾದ್, ಚಿಂಚೋಳಿ ಎಂದು ಊರೂರು ಸುತ್ತುತ್ತದೆ. ಮೊದಲ ದಿನ ಉಪನ್ಯಾಸ, ಎರಡನೆಯ ದಿನ ಬಸ್ಸಿನಲ್ಲಿ ಕ್ಷೇತ್ರ ಭೇಟಿ. ಗಣಿಯ ಹೊಂಡದಲ್ಲಿ ನಿಂತ ನೀರು ಯಾರ ಬಾವಿಗೆ ಹೋಗುತ್ತದೆ, ಧೂಳು ಯಾವ ಓಣಿಗೆ ಇಳಿಯುತ್ತದೆ, ಕೆರೆಯ ಒಡ್ಡು ಎಲ್ಲಿ ಜಿನುಗುತ್ತದೆ, ಹೀಗೆ. ಧೂಳಿನ ಬಗ್ಗೆ ಮಾತಾಡುವವರು ಕೆಮ್ಮುತ್ತ ಮಾತಾಡುತ್ತಾರೆ. ನೀರಿನವರು ಪದೇ ಪದೇ ನೀರು ಕೇಳುತ್ತಾರೆ. ನಮ್ಮ ಅಧ್ಯಕ್ಷರು ನಿವೃತ್ತ ಪ್ರೊಫೆಸರ್, ಪ್ರತಿ ವಾಕ್ಯವನ್ನೂ "ವಾಸ್ತವವಾಗಿ" ಎಂದೇ ಶುರು ಮಾಡುತ್ತಾರೆ. ನಡುವೆ ಚಹಾ, ಸೂಸಲಾ ಅನ್ನುವ ಚುರುಮುರಿ ಒಗ್ಗರಣೆ, ಮಿರ್ಚಿ. ಚಹಾದ ಹೊತ್ತಿಗೆ ನಾನು.

ವಾಡಿಯ ಸಭೆಯಲ್ಲಿ ಮೊದಲ ಸಲ ಸಿಕ್ಕಿಬಿದ್ದೆ. ರೈಲ್ವೆ ಕ್ವಾರ್ಟರ್ಸಿನ ಪಕ್ಕದ ಸಭಾಂಗಣ. ಹೊರಗೆ ಗೂಡ್ಸ್ ಗಾಡಿ ಹೋಗುವಾಗಲೆಲ್ಲ ಪ್ರೊಜೆಕ್ಟರಿನ ಚಿತ್ರ ನಡುಗುತ್ತಿತ್ತು. ವಿರಾಮದಲ್ಲಿ ನಾನು ಬಸಲಿಂಗಪ್ಪ ಸರ್ ಆಗಿದ್ದೆ. ಹಿಮ್ಮಡಿ ಬಡಿದೆ, ತಲೆ ಓರೆ ಮಾಡಿದೆ, "ಪೊಳ್ಳು ಅದ!" ಅಂದೆ. ಎಲ್ಲರೂ ನಗುತ್ತಿದ್ದವರು ಒಮ್ಮೆಗೇ ಮಿರ್ಚಿ ಅಗಿಯುವುದನ್ನೂ ನಿಲ್ಲಿಸಿದರು. ಹಿಂದೆ ತಿರುಗಿ ನೋಡಿದರೆ ಸರ್ ಚಹಾದ ಕಪ್ಪು ಹಿಡಿದು ನಿಂತಿದ್ದಾರೆ.

"ಯಾವ ಕಾಲು ಬಡದಿ?"

"ಸರ್... ಎಡಗಾಲ್ರಿ."

"ನಾ ಬಲಗಾಲು ಬಡೀತೀನಿ. ನೋಡದೆ ಹೇಳಬ್ಯಾಡ. ಇನ್ನೊಮ್ಮೆ ಮಾಡು."

ಮಾಡಿದೆ. ಅಷ್ಟು ಮಂದಿಯ ಮುಂದೆ, ಅವರ ಮುಂದೆಯೇ. ಅವರು ತಲೆ ಓರೆ ಮಾಡಿ ನನ್ನ ಏಟನ್ನು ಕೇಳಿ, "ಹೂಂ, ಈಗ ಬರೋಬ್ಬರಿ ಆಯ್ತು" ಎಂದು ಹೊರಟುಹೋದರು. ಅಂದಿನಿಂದ ನನ್ನ ಆಟಕ್ಕೆ ಪರವಾನಗಿ ಸಿಕ್ಕಂತಾಯಿತು. ಜೊತೆಗೆ ಒಂದು ಕೆಲಸವೂ ಅಂಟಿತು. ಅವರನ್ನು ಸರಿಯಾಗಿ ನೋಡಬೇಕಾಯಿತು. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಮಾತಿಗೆ ಹುಬ್ಬು ಏರುತ್ತದೆ, ಎಷ್ಟು ಹೊತ್ತು ಸುಮ್ಮನಾಗುತ್ತಾರೆ, ಎಲ್ಲವೂ ನನಗೆ ಬಾಯಿಪಾಠವಾಯಿತು. ಭೂವಿಜ್ಞಾನವನ್ನು ಇಷ್ಟು ಶ್ರದ್ಧೆಯಿಂದ ಓದಿದ್ದರೆ ಇವತ್ತು ನಾನು ಎಲ್ಲೋ ಇರುತ್ತಿದ್ದೆ.

ಸರ್ ಹೆಸರು ಮಾಡಿದ್ದು ಕೋರ್ ಓದುವುದರಲ್ಲಿ. ಭೂಮಿಗೆ ಯಂತ್ರದಿಂದ ಕೊರೆದಾಗ ದುಂಡನೆಯ ಕೋಲಿನಂತೆ ಹೊರಬರುವ ಕಲ್ಲಿಗೆ ನಾವು ಕೋರ್ ಅನ್ನುತ್ತೇವೆ. ಅದರ ತುಂಡುಗಳನ್ನು ಸಾಲುಮನೆಗಳಿರುವ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಮೇಲಿನದು ಮೊದಲು, ಕೆಳಗಿನದು ಕೊನೆಗೆ ಎಂದು ಇಡುತ್ತಾರೆ. ಎಷ್ಟು ಆಳದ್ದು ಎಂದು ತಿಳಿಯಲು ನಡುನಡುವೆ ಅಳತೆ ಬರೆದ ಚಿಕ್ಕ ಮರದ ಚೂರುಗಳು. ನಮ್ಮದು ಸುಣ್ಣಕಲ್ಲಿನ ನೆಲ. ನೀರು ಅದನ್ನು ಒಳಗೊಳಗೇ ಕರಗಿಸಿ ಪೊಟರೆ ಮಾಡುತ್ತದೆ. ಮೇಲೆ ನಿಂತವರಿಗೆ ಏನೂ ತಿಳಿಯುವುದಿಲ್ಲ. ಆ ಪೊಟರೆ ತುಂಬಾ ಕೆಳಗಿದ್ದರೆ ಚಿಂತೆಯಿಲ್ಲ, ಪಾಯದ ಹತ್ತಿರವಿದ್ದರೆ ಕಥೆಯೇ ಬೇರೆ. ಅದಕ್ಕೇ ಕೋರ್ ಓದುವುದು.

ಕೋರ್ ಪೆಟ್ಟಿಗೆಯನ್ನು ಸರ್ ಇನ್ನೊಬ್ಬರಿಗೆ ಮುಟ್ಟಗೊಡುತ್ತಿರಲಿಲ್ಲ. ಒಂದೊಂದೇ ತುಂಡನ್ನು ತೆಗೆದು, ಎಳೆಗೂಸಿಗೆ ಎರೆದಂತೆ ನೀರು ಹೊಯ್ದು, ತಮ್ಮ ಪಂಚೆಯ ತುದಿಯಿಂದ ಒರೆಸಿ, ಮತ್ತೆ ಇಡುತ್ತಿದ್ದರು. ನಾವು ಕೈ ಚಾಚಿದರೆ "ಹಚ್!" ಎಂದು ನಾಯಿಗೆ ಗದರಿದಂತೆ ಗದರುತ್ತಿದ್ದರು. ಆ "ಹಚ್" ನನ್ನ ಆಟದಲ್ಲಿ ಅತಿ ಹೆಚ್ಚು ಚಪ್ಪಾಳೆ ಗಿಟ್ಟಿಸಿದ ಐಟಂ.

ಈಗ ಸೇಡಂ ಸಭೆಗೆ ಬರುತ್ತೇನೆ.

ಅಂದು ಸರ್ ಅವರ ಉಪನ್ಯಾಸ, ವಿಷಯ "ಕೋರ್ ಓದುವುದು ಹೇಗೆ". ಕಾಲೇಜಿನ ಹುಡುಗ ಹುಡುಗಿಯರು ಮುಂದಿನ ಸಾಲುಗಳಲ್ಲಿ. ತೋರಿಸಲು ಅವರೊಂದು ನಿಜವಾದ ಪೆಟ್ಟಿಗೆ ತರಿಸಿದ್ದರು. ರಾವೂರದಾಚೆಯ ಒಂದು ಹಳ್ಳಿಯಲ್ಲಿ ನೀರಿನ ಟಾಕಿ ಕಟ್ಟುವ ಜಾಗದಲ್ಲಿ ಕೊರೆದ ಕೋರ್ ಅದು. ಹಳ್ಳಿಯ ಹೆಸರು ಬೇಡ, ಅಲ್ಲಿಯವರು ನನ್ನನ್ನು ಇನ್ನೂ ಊಟಕ್ಕೆ ಕರೆಯುತ್ತಾರೆ. ಹಿಂದಿನ ವರ್ಷ ಸರ್ ಇದೇ ಪೆಟ್ಟಿಗೆ ಓದಿ, ಮೇಲಿನ ಕಲ್ಲು ಅಖಂಡವಾಗಿದೆ, ಪುಡಿಯಾದ ಭಾಗ ಬಹಳ ಕೆಳಗಿದೆ, ಟಾಕಿ ಕಟ್ಟಬಹುದು ಎಂದು ಸಹಿ ಹಾಕಿದ್ದರು. ಟಾಕಿ ಎದ್ದು ನಿಂತಿತ್ತು. ಅದನ್ನು ಕಟ್ಟಿಸಿದ ಇಂಜಿನಿಯರ್ ಪಾಟೀಲ ಸಾಹೇಬರೂ ಸಭೆಯಲ್ಲಿದ್ದರು. ಸೋಮವಾರ ಅದಕ್ಕೆ ಮೊದಲ ಸಲ ನೀರು ತುಂಬಿಸುವವರಿದ್ದರು. ಅಂದು ಶನಿವಾರ.

ಸರ್ ಎಂದಿನಂತೆ ನಡೆಯುತ್ತ, ಬಾಗುತ್ತ, ಹುಡುಗರನ್ನು ಗದರುತ್ತ ಮಾತಾಡುತ್ತಿದ್ದರು. "ಮ್ಯಾಲಿನ ಕಲ್ಲಿಗಿ ಮಳಿ ಬಿಸಲು ಬಡದಿರ್ತದ. ಬಣ್ಣ ನೋಡ್ರಿ, ಬಿರುಕಿನ್ಯಾಗ ಮಣ್ಣು ನೋಡ್ರಿ. ಕೆಳಗಿಂದು ಹ್ಯಾಂಗಿರ್ತದ? ಸ್ವಚ್ಛ. ಹಿಂಗ ನೋಡ್ರಿ." ಹಾಗೆನ್ನುತ್ತ ಕೊನೆಯ ಸಾಲಿನ ಕಟ್ಟಕಡೆಯ ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು.

ಸುಮ್ಮನಾದರು.

ಸಭಿಕರಿಗೆ ಏನೂ ಅನ್ನಿಸಲಿಲ್ಲ. ದೊಡ್ಡವರು ಮಾತಿನ ನಡುವೆ ನಿಲ್ಲುತ್ತಾರೆ. ನಾನು ಮಾತ್ರ ಕುರ್ಚಿಯ ತುದಿಗೆ ಸರಿದೆ. ಅವರ ಮೌನಗಳನ್ನೆಲ್ಲ ನಾನು ಬಲ್ಲೆ. ಚಹಾ ಬಂತೇ ಎಂದು ನೋಡುವ ಮೌನ ಬೇರೆ, ನಗು ಬರಲಿ ಎಂದು ಕಾಯುವ ಮೌನ ಬೇರೆ. ಇದು ಯಾವುದೂ ಅಲ್ಲ. ಅದಕ್ಕಿಂತ ಹೆಚ್ಚಾಗಿ, ಅವರ ಕಾಲುಗಳು ನಿಂತಿದ್ದವು.

ತುಂಡಿನ ಬಿರುಕಿನಿಂದ ಒಂದು ಎಳೆಯನ್ನು ಉಗುರಿನಿಂದ ಬಿಡಿಸಿ ಅಂಗೈ ಮೇಲೆ ಹಾಕಿಕೊಂಡರು. ಒಣಗಿದ ಗರಿಕೆಯ ಬೇರು.

"ಗರಿಕಿ ಬೇರು ಎಷ್ಟು ಆಳಕ್ಕ ಹೋಗ್ತದ?" ಎಂದು ಮುಂದಿನ ಸಾಲಿನ ಹುಡುಗಿಯನ್ನು ಕೇಳಿದರು.

"ಗೇಣುದ್ದ ಹೋಗಬಹುದು ಸರ್."

"ನಾ ಇದು ಎಲ್ಲಕಿಂತ ಕೆಳಗಿನ ಕಲ್ಲು ಅಂದೀನಿ." ಪೆಟ್ಟಿಗೆಯ ಸುತ್ತ ನಡೆದು ಆಚೆ ಬದಿಗೆ ಹೋಗಿ ನಿಂತರು. ಅಲ್ಲಿಂದ ಒಮ್ಮೆ ನೋಡಿದರು. "ಇದು ಮೊದಲನೇದು. ಹೋದ ವರ್ಸ ಓದೂಕಿಂತ ಮೊದಲ ನಾ ತೊಳೀಲಿಕ್ಕಂತ ಅಳತಿ ಚೂರು ಎಲ್ಲಾ ತೆಗದಿದ್ದೆ. ಕಲಬುರಗಿ ಮೀಟಿಂಗಿಗಿ ಹೊತ್ತಾಗಿತ್ತು, ಗಡಬಡ ಇತ್ತು. ವಾಪಸ್ ಇಡುವಾಗ ಪೆಟಗಿ ಈ ಕಡಿ ನಿಂತು ಇಟ್ಟೀನಿ. ತಲಿ ಕಡಿಂದು ಕಾಲಿಗಿ ಹೋಗ್ಯದ, ಕಾಲಿಂದು ತಲಿಗಿ ಬಂದದ." ಆಮೇಲೆ ಇನ್ನೂ ಮೆತ್ತಗೆ, "ಪುಡಿ ಆಗಿದ್ದು ಕೆಳಗಿಲ್ಲ. ಟಾಕಿ ಪಾಯದ ಬುಡಕ್ಕೇ ಅದ."

ಪಾಟೀಲ ಸಾಹೇಬರು ಎದ್ದು ನಿಂತರು. ಒಳ್ಳೆಯ ಮನುಷ್ಯ, ಸರ್ ಮರ್ಯಾದೆ ಉಳಿಸಲೇ ಎದ್ದಿದ್ದು. "ಸರ್, ಒಂದು ಬೇರಿನ ಎಳಿ ಅದು. ಪೆಟಗಿ ಎತ್ತಿ ಇಳಿಸೋ ಹಮಾಲರು ತುಣುಕು ಅದಲಿಬದಲಿ ಮಾಡಿರಬೇಕು. ಅದಕ್ಕ ಇಷ್ಟ್ಯಾಕ ದೊಡ್ಡದ ಮಾಡ್ಲಿಕತ್ತೀರಿ?"

ಬಾಗಿಲು ತೆರೆದೇ ಇತ್ತು. ಸರ್ ಹೌದೆಂದಿದ್ದರೆ ಸಾಕಿತ್ತು, ಮುಂದೆ ಚಹಾ ಬರುತ್ತಿತ್ತು.

"ಹಮಾಲರ ಮ್ಯಾಲ ಹಾಕಬ್ಯಾಡ್ರಿ. ಯಾರಿಗೂ ಮುಟ್ಟಲಿಕ್ಕ ಬಿಟ್ಟಿಲ್ಲ. ತೊಳದಾಂವ ನಾ, ಇಟ್ಟಾಂವ ನಾ."

"ಆದ್ರ ಸೋಮವಾರ ನೀರು ತುಂಬೋದದ. ಮ್ಯಾಲಿನವರು ಬರ್ಲಿಕತ್ತಾರ."

"ತುಂಬಬ್ಯಾಡ್ರಿ."

"ನಿಮ್ಮದೇ ಸಹಿ ಅದಲ್ರಿ ಸರ್!"

"ಅದಕ್ಕೇ ನಾ ಹೇಳ್ಲಿಕತ್ತೀನಿ. ಬ್ಯಾರೇದವರ ಸಹಿ ಇದ್ದಿದ್ರ ನೀವೆಲ್ಲಾ ಇಷ್ಟೊತ್ತಿಗಿ ಒದರ್ತಿದ್ರಿ."

ಯಾರೂ ನಗಲಿಲ್ಲ. ಅಧ್ಯಕ್ಷರು ಎದ್ದು, "ವಾಸ್ತವವಾಗಿ..." ಎಂದು ಶುರು ಮಾಡಿ, ಮುಂದಿನದು ಸಿಗದೆ, ಹಾಗೇ ಕೂತರು. ವಾಸ್ತವ ಅಷ್ಟು ಹತ್ತಿರ ಬಂದದ್ದು ಅವರಿಗೂ ಅದೇ ಮೊದಲು. ಚಹಾದ ಹೊತ್ತಿಗೆ ಒಬ್ಬಿಬ್ಬರು ನನ್ನ ಕಡೆ ನೋಡಿದರು. ನಾನು ಮಿರ್ಚಿಯನ್ನು ಬಾಯಿಗೆ ತುರುಕಿಕೊಂಡು ಮಾತಾಡಲಾರದ ಸ್ಥಿತಿ ತಂದುಕೊಂಡೆ.

ಮರುದಿನ ಕ್ಷೇತ್ರ ಭೇಟಿ ಚಿಂಚೋಳಿ ಹತ್ತಿರದ ಚಂದ್ರಂಪಳ್ಳಿಗೆ. ಜಲಾಶಯದ ಒಡ್ಡು ನೋಡುವುದು, ಕಾಡಿನ ನೆರಳಿನಲ್ಲಿ ಊಟ ಮಾಡುವುದು. ನಿಜ ಹೇಳಬೇಕೆಂದರೆ ಊಟವೇ ಮುಖ್ಯ, ಒಡ್ಡು ನೆಪ. ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಂದು ವಾರದಿಂದ ಗುಂಪಿನಲ್ಲಿ ಚರ್ಚೆ ನಡೆದಿತ್ತು. ಬಸ್ಸು ಹೊರಡುವಾಗ ಸರ್ ಚಾಲಕ ಖಾಜಾ ಭಾಯಿಯ ಪಕ್ಕ ಕಂಬ ಹಿಡಿದು ನಿಂತಿದ್ದರು. ರಾತ್ರಿ ನಿದ್ದೆ ಮಾಡಿದವರಂತೆ ಕಾಣಲಿಲ್ಲ.

"ಖಾಜಾ ಭಾಯಿ, ರಾವೂರ ಕಡಿ ನಡೀರಿ."

"ಸಾಬ್, ಚಿಂಚೋಳಿ ಹಿಂದ್ಕ ಅದ. ನೀವ್ ಉಲ್ಟಾ ಹೇಳ್ಲಿಕತ್ತೀರಿ."

"ಉಲ್ಟಾ ಮಾಡಿದ್ದು ಆಗೇ ಹೋಗ್ಯದ. ಸುಲ್ಟಾ ಮಾಡಲಿಕ್ಕ ಹೊಂಟೀವಿ, ನಡೀರಿ."

"ವಾಸ್ತವವಾಗಿ," ಎಂದರು ಅಧ್ಯಕ್ಷರು ಹಿಂದಿನಿಂದ, "ಊಟ ಚಂದ್ರಂಪಳ್ಳಿಯಲ್ಲಿದೆ."

"ಊಟ ಅಲ್ಲೇ ಇರ್ತದ್ರಿ. ಟಾಕಿ ನಾಳಿಗಿ ಖಾಲಿ ಇರಂಗಿಲ್ಲ."

ಬಸ್ಸು ತಿರುಗಿತು. ದಾರಿಯುದ್ದಕ್ಕೂ ಒಳಗೆ ಗುಸುಗುಸು. ವಯಸ್ಸಾಯಿತು ಅಂದರು ಒಬ್ಬರು. ಇನ್ನೊಬ್ಬರು ಹೋಳಿಗೆ ಎಷ್ಟು ಹೊತ್ತು ಬಿಸಿ ಇರುತ್ತದೆ ಎಂದು ಲೆಕ್ಕ ಹಾಕಿದರು. ಅದು ನಾನೇ. ಸರ್ ಮಾತ್ರ ಬಸ್ಸಿನ ನೆಲದ ಮೇಲೂ ಹಿಮ್ಮಡಿ ಕುಟ್ಟುತ್ತ ಕಿಟಕಿಯಿಂದ ಬಿಳಿ ಧೂಳು ಹೊದ್ದ ಜಾಲಿಗಿಡಗಳನ್ನು ನೋಡುತ್ತಿದ್ದರು.

ಟಾಕಿ ಊರ ನಡುವೆಯೇ ಇತ್ತು. ಎತ್ತರದ ಕಂಬಗಳು, ಮೇಲೆ ಬೋಗುಣಿ, ಹೊಸ ನೀಲಿ ಬಣ್ಣ. ಅದರ ನೆರಳು ಅಂಗನವಾಡಿಯ ಮಾಳಿಗೆಯ ಮೇಲೆ ಬಿದ್ದಿತ್ತು. ಆ ನೆರಳೇ ಸರ್ ಅವರ ಮುಖಕ್ಕೂ ಬಂತು. ಅಂಗನವಾಡಿ ನಡೆಸುವ ಶರಣಮ್ಮ ಬಾಗಿಲಲ್ಲೇ ನಿಂತಿದ್ದರು. ಭಾನುವಾರ ಮಕ್ಕಳಿಲ್ಲ, ಪಕ್ಕದಲ್ಲೇ ಅವರ ಮನೆ. ಸರ್ ಬಂದ ಕಾರಣ ಹೇಳಿದರು, ಮುಚ್ಚುಮರೆಯಿಲ್ಲದೆ. ಕೊಡ ಹಿಡಿದ ಹೆಂಗಸರು ಒಬ್ಬೊಬ್ಬರಾಗಿ ಸೇರಿದರು.

ಒಂದು ಕೈಯಲ್ಲಿ ಖಾಲಿ ಕೊಡ ಹಿಡಿದ ಶರಣಮ್ಮ ಇನ್ನೊಂದು ಕೈಯನ್ನು ಸೊಂಟದ ಮೇಲಿಟ್ಟರು. "ಸಾಹೇಬ್ರ, ಹ್ವಾದ ವರ್ಸ ನೀವೇ ಬಂದ್ರಿ. ಇಲ್ಲೇ, ಇದೇ ಜಾಗಾದಾಗ ಹಿಮ್ಮಡಿ ಬಡದು ಗಟ್ಟಿ ಅದ ಅಂದ್ರಿ. ಈಗ ಪೊಳ್ಳು ಅಂತೀರಿ. ನಿಮ್ಮ ಹಿಮ್ಮಡಿ ಬದಲಾಯ್ತೋ, ನಮ್ಮೂರ ಭೂಮಿ ಬದಲಾಯ್ತೋ?"

"ಭೂಮಿ ಅದೇ ಅದ ತಂಗಿ. ನಾ ತಪ್ಪೀನಿ."

"ತಪ್ಪೀನಿ ಅಂದ್ರ ನನ್ನ ಕೊಡ ತುಂಬತದೇನ್ರಿ?"

ಸರ್ ಜೇಬಿನಿಂದ ಫೋನ್ ತೆಗೆದರು. ಪಾಟೀಲ ಸಾಹೇಬರಿಗೆ ಹಚ್ಚಿದರು, ನಡೆಯುತ್ತ, ಕಂಬದಿಂದ ಕಂಬಕ್ಕೆ. ಅತ್ತಲಿನ ಮಾತು ನಮಗೂ ಕೇಳುತ್ತಿತ್ತು. ಭಾನುವಾರ, ಮೇಲಿನವರು ಸಿಗುವುದಿಲ್ಲ, ನಿಲ್ಲಿಸುವ ಅಧಿಕಾರ ತಮಗಿಲ್ಲ, ಎಲ್ಲ ಸಿದ್ಧವಾಗಿದೆ, ಬೇಕಾದರೆ ನೀರು ತುಂಬಿದ ಮೇಲೆ ಪರೀಕ್ಷೆ ಮಾಡೋಣ. ಸರ್ ಫೋನ್ ಇಳಿಸಿದರು. ಮೇಲಿನ ಬೋಗುಣಿಯನ್ನೊಮ್ಮೆ, ಕೆಳಗಿನ ನೆಲವನ್ನೊಮ್ಮೆ ನೋಡಿದರು.

ಆಮೇಲೆ ಕುಂತರು.

ಕಂಬಗಳ ನಟ್ಟನಡುವೆ, ಬರೀ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಒಂದು ಅಂಗೈಯನ್ನು ಕಲ್ಲಿನ ಮೇಲೆ ಊರಿ, ಹಸುವಿನ ಮೈ ಮುಟ್ಟಿ ಕೂತವರಂತೆ ಕೂತರು. ಬಸ್ಸಿನಿಂದ ಇಳಿದವರೆಲ್ಲ ನಿಂತಲ್ಲೇ ನಿಂತರು. ಖಾಜಾ ಭಾಯಿ ಬೀಡಿ ಎಸೆದರು. ನಾನು ಓಡಿಹೋಗಿ, "ಸರ್, ಏಳ್ರಿ" ಅಂದೆ. ಅಷ್ಟು ವರ್ಷ "ಕುಂದ್ರಿ ಸರ್" ಎಂದು ಗೋಗರೆದ ಬಾಯಿಗೆ ಆ ಮಾತು ಬೇರೆಯವರ ಮಾತಿನಂತೆ ಕೇಳಿಸಿತು.

"ಏಳಂಗಿಲ್ಲೋ ಟೇಪ್. ಪಾಟೀಲಗ ಹೇಳು, ತುಂಬೋದಿದ್ರ ನಾ ಇಲ್ಲೇ ಇರ್ತೀನಂತ."

ಶರಣಮ್ಮ ಮೊದಲು ನಕ್ಕರು. ಆಮೇಲೆ ನಗು ಇಳಿಯಿತು. ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಖರೇನೇ ಬೀಳ್ತದೇನ್ರಿ?"

"ಬೀಳ್ತದಂತ ಹೇಳಂಗಿಲ್ಲ ತಂಗಿ. ಬೀಳಂಗಿಲ್ಲಂತ ಹೋದ ವರ್ಸ ಹೇಳಿದ್ದೆನಲ್ಲ, ಆ ಮಾತಿಗಿ ಈಗ ನನ್ನ ಹತ್ರ ಕಲ್ಲಿಲ್ಲ. ಅದನ್ನ ವಾಪಸ್ ತೊಗೊಳ್ಳಿಕ್ಕ ಬಂದೀನಿ. ನಿನ್ನ ಕೂಸುಗೋಳು ಇದರ ಬುಡಕ್ಕೇ ಆಡ್ತಾವಲ್ಲ."

ಅವರು ಅಂಗನವಾಡಿಯ ಮಾಳಿಗೆಯನ್ನು ನೋಡಿದರು. ಕೈಯಲ್ಲಿದ್ದ ಖಾಲಿ ಕೊಡವನ್ನು ನೋಡಿದರು. ಎರಡರಲ್ಲಿ ಯಾವುದು ಭಾರ ಎಂದು ತೂಗಿದಂತಿತ್ತು. ಆಮೇಲೆ ಕೊಡವನ್ನು ಸರ್ ಪಕ್ಕದಲ್ಲಿ ಕುಕ್ಕಿ, ತಾವೂ ಕೂತರು. ಉಳಿದ ಹೆಂಗಸರೂ ಬಂದರು. ಖಾಲಿ ಕೊಡಗಳ ನಡುವೆ ನಮ್ಮ ಅಧ್ಯಕ್ಷರು ತೀರಾ ಹೊರಗಿನವರಂತೆ ಕಂಡದ್ದರಿಂದ ಅವರೂ ಕರವಸ್ತ್ರ ಹಾಸಿ ಕೂತರು. ಮಧ್ಯಾಹ್ನಕ್ಕೆ ಶರಣಮ್ಮನ ಮನೆಯಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಂತು. "ಸಿಟ್ಟು ಹೋಗಿಲ್ಲ ಮತ್ತ," ಎಂದು ಬಡಿಸುತ್ತಲೇ ಎಚ್ಚರಿಸಿದರು. "ಉಣ್ರಿ, ಆಮ್ಯಾಲ ಇನ್ನಷ್ಟು ಬೈತೀನಿ." ಸರ್ ಕೂತೇ ಉಂಡರು. ಅವರ ಮನೆಯ ಅಮ್ಮನಿಗೆ ಫೋಟೋ ಕಳಿಸಬೇಕೆಂದು ಫೋನ್ ತೆಗೆದೆ. ಕೈ ಬರಲಿಲ್ಲ, ಒಳಗಿಟ್ಟೆ.

ಸಂಜೆ ಪಾಟೀಲ ಸಾಹೇಬರು ಜೀಪಿನಲ್ಲಿ ಬಂದರು. ಕೊಡಗಳು, ಹೆಂಗಸರು, ಭೂವಿಜ್ಞಾನಿಗಳು, ಎಲ್ಲರ ನಡುವೆ ಕೂತ ಬಸಲಿಂಗಪ್ಪ ಸರ್. ಪಾಟೀಲ ಸಾಹೇಬರು ಕಂಬಗಳ ಸುತ್ತ ಒಂದು ಸುತ್ತು ಬಂದರು. ಕೊನೆಗೆ, "ಇನ್ನೊಂದು ಕಡಿ ಕೊರಸಿ ನೋಡೋತನಕ ನೀರು ಬಿಡಂಗಿಲ್ರಿ. ಬೈಸಿಕೊಳ್ಳೋದು ನಾ ಬೈಸಿಕೊಳ್ತೀನಿ. ನೀವು ಮೊದಲ ಏಳ್ರಿ" ಎಂದರು. ಸರ್ ಏಳಲು ಹೋದರು, ಕಾಲು ಜೋಮು ಹಿಡಿದಿತ್ತು. ಒಂದು ಕಡೆ ನಾನು, ಇನ್ನೊಂದು ಕಡೆ ಪಾಟೀಲ ಸಾಹೇಬರು ಎತ್ತಿದೆವು.

ಮತ್ತೆ ಕೊರೆದ ದಿನ ನಾನೂ ಹೋಗಿದ್ದೆ. ಯಂತ್ರ ಸ್ವಲ್ಪವೇ ಇಳಿದಿತ್ತು, ಕೊರೆಯುವ ಸಲಾಕೆ ತಾನಾಗಿಯೇ ಜಾರಿ ಕೆಳಗೆ ಹೋಯಿತು. ತಂಪಿಗೆ ಬಿಟ್ಟ ನೀರು ಮೇಲೆ ಬರಬೇಕಾದದ್ದು ಬರಲೇ ಇಲ್ಲ, ಭೂಮಿ ಕುಡಿದುಬಿಟ್ಟಿತು. ಪಾಟೀಲ ಸಾಹೇಬರು ಹಣೆ ಒರೆಸಿಕೊಂಡರು. ಸರ್ "ಹೂಂ" ಎಂದಷ್ಟೇ ಅಂದರು. ಹೊಸ ಟಾಕಿಯನ್ನು ಊರಿನ ಆಚೆ ಬದಿಗೆ ಕಟ್ಟಿದರು. ಅಲ್ಲಿಯವರೆಗೆ ಶರಣಮ್ಮ ಮತ್ತು ಅವರ ಓಣಿಯವರು ಇನ್ನೊಂದು ಬೇಸಿಗೆ ದೂರದ ಬೋರಿನಿಂದ ನೀರು ಹೊತ್ತರು. ಸರ್ ಆ ಕಡೆ ಹೋದಾಗಲೆಲ್ಲ ಅವರು ಅದನ್ನು ನೆನಪಿಸದೆ ಬಿಟ್ಟವರಲ್ಲ. ಸರ್ ಅದನ್ನು ಕೇಳಿಸಿಕೊಳ್ಳಲೆಂದೇ ಹೋಗುತ್ತಿದ್ದರೇನೋ.

ಸಭೆಗಳಲ್ಲಿ ಮಾತ್ರ ಗಾಳಿ ತಿರುಗಿತು. "ಉಲ್ಟಾ ಪೆಟಗಿ ಸರ್" ಎಂಬ ಹೆಸರು ಹುಟ್ಟಿತು. ನಾನಿಟ್ಟದ್ದಲ್ಲ, ಆದರೆ ನನ್ನ ಮೇಲೇ ಎಲ್ಲರಿಗೂ ಗುಮಾನಿ. ಅವರನ್ನು ಭಾಷಣಕ್ಕೆ ಕರೆಯುವುದು ನಿಂತಿತು. ಕೋರ್ ಓದಲು ಕರೆಯುವವರೂ ಕಡಿಮೆಯಾದರು. ಅವರು ಬರುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬಂದು, ನೆಲಕ್ಕೆ ಎರಡು ಏಟು ಕೊಟ್ಟು, ಹಿಂದಿನ ಗೋಡೆಯ ಹತ್ತಿರ ಅಡ್ಡಾಡುತ್ತ ಎಲ್ಲ ಕೇಳಿ ಹೋಗುತ್ತಿದ್ದರು. ಚಹಾದ ಹೊತ್ತಿಗೆ ಜನ ನನ್ನನ್ನು ಪೀಡಿಸುತ್ತಿದ್ದರು: "ಆ ಬೇರು ಹಿಡದಿದ್ದು ಮಾಡಿ ತೋರ್ಸೋ." ನಾನು ಮಾಡಲಿಲ್ಲ. ದೊಡ್ಡ ಗುಣ ಎಂದುಕೊಳ್ಳಬೇಡಿ. ಮನೆಯಲ್ಲಿ ಕನ್ನಡಿ ಮುಂದೆ ಪ್ರಯತ್ನಿಸಿದ್ದೆ, ಬರಲಿಲ್ಲ. ಮಾತು ಬರುತ್ತಿತ್ತು. ಮಾತಿಗೆ ಮುಂಚಿನ ಆ ಮೌನ ಬರುತ್ತಿರಲಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು ವಾಡಿ ಜಂಕ್ಷನ್ನಿನಲ್ಲಿ. ಹೈದರಾಬಾದಿಗೆ, ಮಗಳ ಮನೆಗೆ ಹೊರಟಿದ್ದರು. ಯಾವುದೋ ತಪಾಸಣೆ ಅಂದರು, ಯಾವುದು ಅನ್ನಲಿಲ್ಲ. ಗಾಡಿ ತಡವಿತ್ತು. ಅಮ್ಮ ಬೆಂಚಿನ ಮೇಲೆ ಕೂತಿದ್ದರು. ಸರ್ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆಯುತ್ತಿದ್ದರು, ನಾನು ಚೀಲ ಹಿಡಿದು ಹಿಂದೆ. ನಡಿಗೆ ನಿಧಾನವಾಗಿತ್ತು.

"ಏ ಟೇಪ್, ನನ್ನ ಸೇಡಂದು ಮಾಡಂಗಿಲ್ಲಂತ?"

"ಬರಂಗಿಲ್ರಿ ಸರ್."

"ಕಲಿ. ಎಲ್ಲಾ ಸಭಾದಾಗ ಮಾಡು. ಹುಡುಗರು ಬಿದ್ದು ಬಿದ್ದು ನಗಲಿ. ನಕ್ಕ ಹುಡುಗ ನಾಳೆ ಪೆಟಗಿ ತೆಗದಾಗ ನಾ ಯಾವ ಕಡಿ ನಿಂತೀನಿ ಅಂತ ಒಮ್ಮಿ ನೋಡ್ಕೊಳ್ತಾನ. ಅಷ್ಟಾದ್ರ ಸಾಕು."

"ನಿಮಗ ಬ್ಯಾಸರ ಆಗಂಗಿಲ್ಲೇನ್ರಿ?"

"ಆಗ್ತದ. ಆದ್ರ ನೀ ಮಾಡು."

ಗಾಡಿ ಬಂತು. ಹತ್ತುವ ಮೊದಲು ಪ್ಲಾಟ್‌ಫಾರ್ಮಿಗೆ ಎರಡು ಏಟು ಬಡಿದರು. ತಲೆ ಓರೆ ಮಾಡಿದರು. ಗಾಡಿಯ ಸದ್ದಿನಲ್ಲಿ ಅವರಿಗೆ ಏನು ಕೇಳಿಸಿತೋ, ನನಗೆ ಹೇಳಲಿಲ್ಲ. ಬಾಗಿಲಲ್ಲೇ ಕಂಬಿ ಹಿಡಿದು, ನಿಂತುಕೊಂಡೇ ಹೋದರು. ಅಲ್ಲಿಂದ ತಿರುಗಿ ಬಂದದ್ದು ಸುದ್ದಿ ಮಾತ್ರ.

ಮುಂದಿನ ವಲಯ ಸಭೆ ಶಹಾಬಾದಿನಲ್ಲಿ ಸೇರಿತು. ಬ್ಯಾನರಿನ ಕೆಳಗೆ ಅವರ ಫೋಟೋ, ಅದರಲ್ಲೂ ನಿಂತೇ ಇದ್ದರು. ಶರಣಮ್ಮ ಊರಿನವರೊಂದಿಗೆ ಬಂದು ಗೋಡೆಯ ಹತ್ತಿರ ಕೂತಿದ್ದರು. ಅಧ್ಯಕ್ಷರು ಮೈಕು ಹಿಡಿದರು. "ವಾಸ್ತವವಾಗಿ, ಅವರಿಲ್ಲ" ಎಂದರು. "ಎಲ್ಲರೂ ಒಂದು ನಿಮಿಷ ಎದ್ದು ನಿಲ್ಲಬೇಕು."

ಕುರ್ಚಿಗಳು ಪರಸಿಯ ಮೇಲೆ ಕಿರ್ರೆಂದವು. ಎಲ್ಲರೂ ಎದ್ದರು. ಇಡೀ ಸಭೆ ಅವರಂತೆಯೇ ನಿಂತದ್ದು ಕಂಡು ನನಗೆ ಒಂದು ಥರ ಚಡಪಡಿಕೆಯಾಯಿತು. ನಿಲ್ಲುವುದು ಅವರಿಗೆ ದಿನದ ಮಾತು. ಅದನ್ನು ಮಾಡಿದರೆ ಅವರನ್ನು ಮಾಡಿ ತೋರಿಸಿದಂತಾಗುವುದಿಲ್ಲ. ನಾನು ಮುಂದೆ ನಡೆದು ಫೋಟೋದ ಎದುರು ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು, ಅಂಗೈಯನ್ನು ಪರಸಿಯ ಮೇಲೆ ಊರಿದೆ.

"ಏ, ಏಳೋ! ಮರ್ಯಾದಿ ಇಲ್ಲೇನು?" ಎಂದು ಹಿಂದಿನಿಂದ ಯಾರೋ ಹಲ್ಲು ಕಚ್ಚಿ ಅಂದರು. ನಾನು ಏಳಲಿಲ್ಲ. ಸೀರೆಯ ಸರಬರ ಕೇಳಿಸಿತು. ಶರಣಮ್ಮ ಬಂದು ಪಕ್ಕದಲ್ಲಿ ಕೂತರು. ನಾನು ಕೂತ ಭಂಗಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಎಡಗೈ ಅಲ್ಲೋ ತಮ್ಮಾ," ಎಂದು ಪಿಸುಗುಟ್ಟಿದರು. "ಅವರು ಬಲಗೈ ಊರಿದ್ರು."

ನನ್ನ ಎಡಗೈಯನ್ನು ತೆಗೆದು ತೊಡೆಯ ಮೇಲಿಟ್ಟು, ಬಲಗೈಯನ್ನು ಹಿಡಿದು ಕಲ್ಲಿಗೆ ಒತ್ತಿದರು. ಪರಸಿ ತಣ್ಣಗಿತ್ತು. ಗಟ್ಟಿ ಇತ್ತೋ ಪೊಳ್ಳು ಇತ್ತೋ, ತಲೆ ಓರೆ ಮಾಡಿ ಎಷ್ಟು ಹೊತ್ತು ಕಾದರೂ ನನಗೆ ಕೇಳಿಸಲಿಲ್ಲ.